ಪಾರ್ಸೆಲ್‌ನಲ್ಲಿ ಸಾಮಾನು ಕಡಿಮೆ ಬಂದರೆ ಯಾವ ದಾರಿ ಹಿಡಿಯಬೇಕು?

ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಬಿಚ್ಚಿದಾಗ ಒಂದು ಸಾಮಾನು ಇಲ್ಲ ಅಂತ ಗೊತ್ತಾದರೆ ಮಾಡಬಹುದಾದದ್ದು ಬಹಳ ಇದೆ. ಆ್ಯಪ್‌ನಲ್ಲೇ ರಿಫಂಡ್ ಕೇಳಬಹುದು, ಬದಲಿ ಕಳಿಸಿ ಅನ್ನಬಹುದು, ಕಂಪನಿಯ ದೂರು ಅಧಿಕಾರಿಗೆ ಬರೆಯಬಹುದು, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕೊಟ್ಟ ದುಡ್ಡು ಬ್ಯಾಂಕಿನ ಮೂಲಕವೇ ವಾಪಸ್ ಕೇಳುವ ದೂರು) ಹಾಕಬಹುದು, ಅದೂ ಆಗಲಿಲ್ಲ ಅಂದರೆ ನಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಆದರೆ ನಮ್ಮ ಕಡೆ ನಾನು ನೋಡಿದ ಹಾಗೆ ಜನ ಮಾಡುವುದು ಎರಡೇ. ಒಂದೋ ಚಾಟ್‌ನಲ್ಲಿ ಎರಡು ಸಲ ಬೇಡಿಕೊಂಡು, ಸುಸ್ತಾಗಿ, ಹೋಗಲಿ ಬಿಡು ಅಂತಾರೆ. ಇಲ್ಲಾ ಸಿಟ್ಟಿನಲ್ಲಿ ಮೊದಲ ದಿನವೇ ಕೋರ್ಟು ಕಚೇರಿ ಅಂತಾರೆ. ಎರಡರಲ್ಲೂ ದುಡ್ಡು ಬರುವುದಿಲ್ಲ.

ಯಾವ ದಾರಿ ಸರಿ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಬರದೇ ಇರುವುದು ಏನು, ಮತ್ತು ನೀವು ದುಡ್ಡು ಕೊಟ್ಟದ್ದು ಹೇಗೆ. ಇವೆರಡು ಗೊತ್ತಿದ್ದರೆ ಉಳಿದದ್ದು ಕಷ್ಟ ಇಲ್ಲ.

ಮೊದಲು, ನಿಜವಾಗಿಯೂ ಕಡಿಮೆ ಬಂದಿದೆಯಾ

ಇದು ಸಣ್ಣ ಮಾತು ಅನಿಸಬಹುದು, ಆದರೆ ಅರ್ಧ ಗೊಂದಲ ಇಲ್ಲೇ ಇರುತ್ತದೆ. ಒಂದೇ ಆರ್ಡರ್‌ನಲ್ಲಿ ನಾಲ್ಕು ಸಾಮಾನು ಹಾಕಿದರೆ ಅವು ಬೇರೆ ಬೇರೆ ಮಾರಾಟಗಾರರಿಂದ, ಬೇರೆ ಬೇರೆ ಗೋದಾಮಿನಿಂದ ಬರಬಹುದು. ಇವತ್ತು ಬಂದ ಡಬ್ಬಿಯಲ್ಲಿ ಎರಡೇ ಇದ್ದರೆ ಉಳಿದೆರಡು ದಾರಿಯಲ್ಲಿ ಇರಬಹುದು. ಆರ್ಡರ್ ಪುಟಕ್ಕೆ ಹೋಗಿ ಪ್ರತಿ ಸಾಮಾನಿನ ಎದುರು ಏನು ಬರೆದಿದೆ ನೋಡಿ. ಎಲ್ಲದಕ್ಕೂ 'ಡೆಲಿವರ್ಡ್' ಅಂತ ಇದ್ದು ಕೈಯಲ್ಲಿ ಇಲ್ಲ ಅಂದರೆ ಮಾತ್ರ ದೂರು.

ಎರಡನೆಯದು, ಜಾಹೀರಾತಿನ ಫೋಟೊ ನೋಡಿ ದೂರು ಕೊಡಬೇಡಿ. ಫೋಟೊದಲ್ಲಿ ಸ್ಟ್ಯಾಂಡ್ ಇರುತ್ತದೆ, ಕೆಳಗೆ 'ಡಬ್ಬಿಯಲ್ಲಿ ಏನೇನು ಇದೆ' ಅನ್ನುವ ಪಟ್ಟಿಯಲ್ಲಿ ಇರುವುದಿಲ್ಲ. ಆ ಪಟ್ಟಿಯ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ. ಮಾರಾಟಗಾರರು ಆ ಪುಟವನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಇನ್ನು ಸಾಕ್ಷಿ. ಎಲ್ಲರೂ ವಿಡಿಯೊ ಮಾಡಿ ಅಂತಾರೆ, ಸರಿ. ಆದರೆ ವಿಡಿಯೊ ಹೇಗಿರಬೇಕು ಅಂತ ಯಾರೂ ಹೇಳುವುದಿಲ್ಲ. ಪಾರ್ಸೆಲ್ ಮೇಲಿನ ಲೇಬಲ್‌ನಿಂದ ಶುರು ಮಾಡಿ, ಹೆಸರು ಮತ್ತು ಟ್ರ್ಯಾಕಿಂಗ್ ನಂಬರ್ ಓದುವ ಹಾಗೆ ಕಾಣಬೇಕು. ಆಮೇಲೆ ಆರೂ ಮಗ್ಗುಲು ತೋರಿಸಿ, ಟೇಪ್ ಹೇಗಿದೆ ತೋರಿಸಿ, ನಡುವೆ ನಿಲ್ಲಿಸದೆ ಕತ್ತರಿಸಿ, ಒಳಗಿನದೆಲ್ಲ ಒಂದೊಂದಾಗಿ ಹೊರಗಿಟ್ಟು, ಕೊನೆಗೆ ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿ. ನಡುವೆ ಕಟ್ ಆದ ವಿಡಿಯೊಗೆ ಬೆಲೆ ಕಡಿಮೆ. ಬಹಳಷ್ಟು ಕೊರಿಯರ್ ಲೇಬಲ್‌ಗಳ ಮೇಲೆ ತೂಕ ಬರೆದಿರುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೋ ಬೀದಿ ಕೊನೆಯ ಕಿರಾಣಿ ಅಂಗಡಿಯ ಕಾಟಾದ ಮೇಲೋ ಪಾರ್ಸೆಲ್ ಇಟ್ಟು ಆ ತೂಕದ ಜೊತೆ ಹೋಲಿಸಿದ ಫೋಟೊ ಇದ್ದರೆ, ಚಾಟ್‌ನಲ್ಲಿ ಎಷ್ಟೋ ಮಾತು ಉಳಿಯುತ್ತದೆ. ಲೇಬಲ್‌ನಲ್ಲಿ 2.4 ಕೆಜಿ, ಕಾಟಾದಲ್ಲಿ 1.6 ಕೆಜಿ ಅಂದರೆ ದಾರಿಯಲ್ಲಿ ಯಾರೋ ಕೈ ಹಾಕಿರಬಹುದು. ಎರಡೂ ಒಂದೇ ಇದ್ದರೆ ಪ್ಯಾಕ್ ಮಾಡುವಾಗಲೇ ಬಿಟ್ಟುಹೋಗಿರಬಹುದು. ಪ್ಯಾಕಿಂಗ್ ಕವರ್ ಎಸೆಯಬೇಡಿ.

ಹಳ್ಳಿ ಕಡೆಯವರಿಗೆ ಒಂದು ಹೆಚ್ಚಿನ ತೊಡಕು ಇದೆ. ಹಿರೇಕೆರೂರು, ರೋಣ, ಶಿರಹಟ್ಟಿ ಕಡೆಯ ಊರುಗಳಲ್ಲಿ ಕೊರಿಯರ್ ಹುಡುಗ ಮನೆಗೆ ಬರುವ ಬದಲು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಇಟ್ಟು ಹೋಗುವುದು ಉಂಟು. ನಾವು ಸಂಜೆ ಹೊಲದಿಂದ ಬಂದು ತೆಗೆದುಕೊಳ್ಳುತ್ತೇವೆ. ಆ್ಯಪ್‌ನಲ್ಲಿ ಮಧ್ಯಾಹ್ನವೇ ಡೆಲಿವರಿ ಆಗಿರುತ್ತದೆ, ಓಟಿಪಿ ಫೋನ್‌ನಲ್ಲೇ ಹೇಳಿಬಿಟ್ಟಿರುತ್ತೇವೆ. ಇದರಿಂದ ನಿಮ್ಮ ಹಕ್ಕೇನೂ ಹೋಗುವುದಿಲ್ಲ, ಆದರೆ ವಾದ ಉದ್ದ ಆಗುತ್ತದೆ. ಬೆಲೆ ಜಾಸ್ತಿ ಇರುವ ಸಾಮಾನಾದರೆ ಓಟಿಪಿ ಫೋನ್‌ನಲ್ಲಿ ಕೊಡಬೇಡಿ. "ಅಣ್ಣಾರ, ಲಗೂನ ಹೇಳ್ರಿ, ಇನ್ನೂ ಭಾಳ ಪಾರ್ಸೆಲ್ ಅದಾವ್ರಿ" ಅಂತ ಅವನು ಅನ್ನುತ್ತಾನೆ. ಅವನ ಕಷ್ಟ ಅವನದು, ಅವನ ಮೇಲೆ ರೇಗಬೇಡಿ. ಆದರೂ ಡಬ್ಬಿಯ ಟೇಪ್ ಒಮ್ಮೆ ನೋಡಿ ಆಮೇಲೆ ಹೇಳಿ. ಫ್ಲಿಪ್‌ಕಾರ್ಟ್‌ನಂಥ ಕಡೆ ಕೆಲವು ಸಾಮಾನಿಗೆ ಓಪನ್ ಬಾಕ್ಸ್ ಡೆಲಿವರಿ ಇದೆ, ಅಂದರೆ ಅವನ ಎದುರಿಗೇ ಬಿಚ್ಚಿ ನೋಡಿ ಓಟಿಪಿ ಕೊಡುವುದು. ಅದು ಸಿಕ್ಕರೆ ಬಿಡಬೇಡಿ. ಆದರೆ ಅಲ್ಲಿ ನೋಡದೆ ಓಟಿಪಿ ಕೊಟ್ಟರೆ ಆಮೇಲೆ 'ಕಡಿಮೆ ಇತ್ತು' ಅನ್ನುವುದು ಕಷ್ಟ.

ರಿಫಂಡಾ, ಬದಲಿಯಾ?

ಇದನ್ನು ಬೇರೆ ಬೇರೆ ಮಾಡಿ ನೋಡಬೇಕು. ಪೂರ್ತಿ ಒಂದು ಸಾಮಾನೇ ಬಂದಿಲ್ಲ ಅಂದರೆ, ಉದಾಹರಣೆಗೆ ಮೂರು ಅಂಗಿ ತರಿಸಿದಿರಿ, ಎರಡು ಬಂತು, ಆಗ ಕಣ್ಣು ಮುಚ್ಚಿ ರಿಫಂಡ್ ಕೇಳಿ. ಬದಲಿ ಕೇಳಿದರೆ ಸ್ಟಾಕ್ ಇಲ್ಲ ಅಂತ ವಾರ ಬಿಟ್ಟು ಅವರೇ ರದ್ದು ಮಾಡುವ ಸಾಧ್ಯತೆ ಇರುತ್ತದೆ. ದುಡ್ಡು ಬರಲಿ, ಬೇಕಿದ್ದರೆ ಮತ್ತೆ ತರಿಸಿದರಾಯಿತು. ಒಂದೇ ಒಂದು ಎಚ್ಚರ, ಹಬ್ಬದ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದಾದರೆ ಮತ್ತೆ ಆ ದರಕ್ಕೆ ಸಿಗುವುದಿಲ್ಲ. ಆಗ ಬದಲಿ ಕೇಳುವುದೇ ಲಾಭ.

ಒಂದು ಸಾಮಾನಿನ ಭಾಗ ಮಾತ್ರ ಬಂದಿಲ್ಲ ಅಂದರೆ ಲೆಕ್ಕ ಬೇರೆ. ಗದಗದಲ್ಲಿರುವ ನಮ್ಮ ಚಿಕ್ಕಮ್ಮ ಮೂರು ಜಾರ್‌ನ ಮಿಕ್ಸರ್ ತರಿಸಿದ್ದರು. ದೊಡ್ಡ ಜಾರ್ ಬಂತು, ನಡುವಿನದೂ ಬಂತು, ಚಟ್ನಿ ಜಾರ್ ಇಲ್ಲ. ಶೇಂಗಾ ಚಟ್ನಿ ಇಲ್ಲದ ಊಟ ಅವರ ಮನೆಯಲ್ಲಿ ಇಲ್ಲ, ಹೀಗಾಗಿ ಮಿಕ್ಸರ್ ತರಿಸಿದ್ದೇ ಆ ಸಣ್ಣ ಜಾರ್‌ಗೆ. ಇಂಥಲ್ಲಿ ಮೂರು ಆಯ್ಕೆ ಬರುತ್ತದೆ: ಇಡೀ ಮಿಕ್ಸರ್ ವಾಪಸ್ ಕೊಟ್ಟು ಹೊಸದು, ಇಡೀ ಮಿಕ್ಸರ್ ವಾಪಸ್ ಕೊಟ್ಟು ದುಡ್ಡು, ಅಥವಾ 'ಇದನ್ನೇ ಇಟ್ಟುಕೊಳ್ಳಿ, ಇಷ್ಟು ದುಡ್ಡು ವಾಪಸ್ ಕೊಡುತ್ತೇವೆ' ಅನ್ನುವ ಅರೆ ರಿಫಂಡ್.

ಅರೆ ರಿಫಂಡ್ ಕೇಳಲು ಚೆಂದ. ಒಪ್ಪುವ ಮೊದಲು ಆ ಭಾಗ ಬಿಡಿಯಾಗಿ ಎಷ್ಟಕ್ಕೆ ಸಿಗುತ್ತದೆ ವಿಚಾರಿಸಿ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ಮಾಡೆಲ್ ನಂಬರ್ ಕೇಳಿ ದರ ಹೇಳುತ್ತಾರೆ. ಜಾರ್‌ಗೆ 600 ರೂಪಾಯಿ ಆಗುವಲ್ಲಿ ಅವರು 250 ಕೊಡುತ್ತೇವೆ ಅಂದರೆ ಬೇಡ ಅನ್ನಿ. ಒಮ್ಮೆ 'ಒಪ್ಪಿದೆ' ಅಂತ ಒತ್ತಿದರೆ ಆ ಆರ್ಡರ್ ಮೇಲಿನ ದೂರು ಅಲ್ಲಿಗೆ ಮುಗಿದ ಹಾಗೆಯೇ, ಮತ್ತೆ ತೆರೆಸುವುದು ದೊಡ್ಡ ಗೋಳು. ಜಾರ್‌ನ ಬೆಲೆಗಿಂತ ಜಾಸ್ತಿ ಕೊಡುತ್ತಿದ್ದರೆ ಮಾತ್ರ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ, ಪ್ಯಾಕ್ ಮಾಡುವ ಕೆಲಸವೂ ಇಲ್ಲ.

ವಾಪಸ್ ಕೊಡುವುದಾದರೆ ಒಂದು ಹೊಂಡ ಇದೆ, ಅದರಲ್ಲಿ ಬಹಳ ಜನ ಬೀಳುತ್ತಾರೆ. ರಿಟರ್ನ್ ಹಾಕುವಾಗ ಕಾರಣ ಕೇಳುತ್ತದೆ. ಅಲ್ಲಿ 'ಇಷ್ಟ ಆಗಲಿಲ್ಲ' ಅಂತಲೋ 'ಬೇಡವಾಯಿತು' ಅಂತಲೋ ಅವಸರದಲ್ಲಿ ಒತ್ತಿದರೆ, ಪಿಕಪ್‌ಗೆ ಬಂದವನು ತನ್ನ ಫೋನ್‌ನಲ್ಲಿರುವ ಪಟ್ಟಿ ನೋಡಿ 'ಮೂರು ಜಾರ್ ಇರಬೇಕ್ರೀ, ಎರಡೇ ಅದಾವ, ತಗೊಳ್ಳಾಕ ಬರಂಗಿಲ್ಲ' ಅಂತ ಹೇಳಿ ಬರಿಗೈಲಿ ಹೋಗುತ್ತಾನೆ. ಅವನ ತಪ್ಪಿಲ್ಲ. ಕಾರಣದಲ್ಲಿ 'ಭಾಗ ಬಂದಿಲ್ಲ' ಅನ್ನುವುದನ್ನೇ ಆರಿಸಿ. ಪಿಕಪ್ ರದ್ದಾದರೆ ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅವತ್ತೇ ಚಾಟ್‌ನಲ್ಲಿ ಬರೆಯಿರಿ, ಯಾಕೆಂದರೆ ರಿಟರ್ನ್ ಅವಧಿ ಓಡುತ್ತಲೇ ಇರುತ್ತದೆ. ಎಲೆಕ್ಟ್ರಾನಿಕ್ ಸಾಮಾನಿಗೆ ಹಲವು ಕಡೆ ಬದಲಿ ಮಾತ್ರ, ರಿಫಂಡ್ ಇಲ್ಲ ಅಂತ ಇರುತ್ತದೆ. ಅದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಹೋಟೆಲ್ ಊಟದ ಮಾತು ಬೇರೆ. ರೊಟ್ಟಿ ಬಂತು, ಎಣ್ಣೆಗಾಯಿ ಪಲ್ಯ ಬರಲಿಲ್ಲ ಅಂದರೆ ಬದಲಿಗೆ ಕಾಯುತ್ತಾ ಕೂರಲು ಆಗುತ್ತದಾ? ರಿಫಂಡ್ ಒಂದೇ. ಊಟ ಮುಗಿಸಿ ಸಂಜೆ ಹೇಳೋಣ ಅಂದರೆ ಆಗುವುದಿಲ್ಲ, ಇಂಥ ಆರ್ಡರ್‌ಗಳಲ್ಲಿ ದೂರಿನ ಸಮಯ ಬಹಳ ಕಡಿಮೆ. ಚೀಲ ಬಿಚ್ಚಿದ ಕೂಡಲೇ ಬಿಲ್ ಮತ್ತು ಬಂದ ಡಬ್ಬಿಗಳು ಒಂದೇ ಫೋಟೊದಲ್ಲಿ ಕಾಣುವ ಹಾಗೆ ತೆಗೆದು ಹಾಕಿ.

ಎಷ್ಟು ವಾಪಸ್ ಬರಬೇಕು ಅನ್ನುವುದನ್ನೂ ಬಿಲ್‌ನಲ್ಲಿ ನೋಡಿ, ಆ್ಯಪ್‌ನ ಮೊದಲ ಪುಟದ ದರದಲ್ಲಿ ಅಲ್ಲ. ಕೂಪನ್ ಹಾಕಿದ್ದರೆ ಆ ರಿಯಾಯಿತಿಯನ್ನು ಎಲ್ಲ ಸಾಮಾನಿನ ಮೇಲೆ ಹಂಚಿರುತ್ತಾರೆ. 500 ರೂಪಾಯಿಯ ಸಾಮಾನಿಗೆ 440 ಬಂದರೆ ಅದು ಮೋಸವೇ ಆಗಬೇಕಿಲ್ಲ. 'ಎರಡು ಕೊಂಡರೆ ಒಂದು ಉಚಿತ' ಅನ್ನುವುದರಲ್ಲಿ ಬಿಟ್ಟುಹೋದದ್ದು ಆ ಉಚಿತದ್ದೇ ಅಂತ ಅವರು ಅಂದರೆ ಮಾತ್ರ ಸುಮ್ನೆ ಬಿಡಬೇಡಿ. ಮೂರು ಸೇರಿಸಿಯೇ ಅಲ್ವಾ ನೀವು ದುಡ್ಡು ಕೊಟ್ಟದ್ದು.

ಖಾತೆಗೆ ಬೇಕಾ, ವಾಲೆಟ್‌ಗೆ ಬೇಕಾ?

ರಿಫಂಡ್ ಒಪ್ಪಿದ ಮೇಲೆ ಒಂದು ಪುಟ ಬರುತ್ತದೆ. 'ಈಗಲೇ ಬೇಕಾದರೆ ವಾಲೆಟ್‌ಗೆ, ಬ್ಯಾಂಕಿಗಾದರೆ ಕೆಲವು ದಿನ' ಅಂತ. ವಾಲೆಟ್ ಆಯ್ಕೆ ದೊಡ್ಡದಾಗಿ, ಬಣ್ಣ ಹಚ್ಚಿ ಇರುತ್ತದೆ. ಅಮೆಜಾನ್ ಪೇ ಬ್ಯಾಲೆನ್ಸ್ ಥರದ್ದರಲ್ಲಿ ದುಡ್ಡು ನಿಮಿಷದಲ್ಲಿ ಬರುವುದು ನಿಜ. ಅಲ್ಲೇ ತಿಂಗಳ ಸಾಮಾನು ತರಿಸುವವರಿಗೆ, ಕರೆಂಟ್ ಬಿಲ್ ಕಟ್ಟುವವರಿಗೆ ಅದು ಸರಿಯೇ. ಆದರೆ ಯಾವಾಗಲೋ ಒಮ್ಮೆ ತರಿಸುವವರು, ಅದರಲ್ಲೂ ಮನೆಯ ಹಿರಿಯರು, ವಾಲೆಟ್ ಆರಿಸಬಾರದು. ದುಡ್ಡು ಅಲ್ಲೇ ಕೂರುತ್ತದೆ, ಅದನ್ನು ಖರ್ಚು ಮಾಡಲು ಬೇಡದ ಇನ್ನೊಂದು ಸಾಮಾನು ತರಿಸುತ್ತೇವೆ. ಸಣ್ಣ ಆ್ಯಪ್‌ಗಳ 'ಕ್ರೆಡಿಟ್' ಅಥವಾ 'ಕಾಯಿನ್' ಅಂತೂ ಇನ್ನೂ ಕೆಟ್ಟದ್ದು, ಅವಕ್ಕೆ ಮುಗಿಯುವ ದಿನಾಂಕ ಇರುತ್ತದೆ.

ಪೇಮೆಂಟ್ ಅಗ್ರಿಗೇಟರ್‌ಗಳಿಗೆ, ಅಂದರೆ ಮಾರಾಟಗಾರರ ಪರವಾಗಿ ಆನ್‌ಲೈನ್ ದುಡ್ಡು ಪಡೆಯುವ ಕಂಪನಿಗಳಿಗೆ, ಆರ್‌ಬಿಐ ಕೊಟ್ಟ ಮಾರ್ಗಸೂಚಿಯಲ್ಲೇ ಈ ಮಾತು ಇದೆ. ದುಡ್ಡು ಯಾವ ದಾರಿಯಿಂದ ಬಂತೋ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು, ಗ್ರಾಹಕರು ತಾವೇ ಒಪ್ಪಿದರೆ ಮಾತ್ರ ಬೇರೆ ಕಡೆ. ಹಾಗಾಗಿ 'ವಾಲೆಟ್‌ಗೆ ಮಾತ್ರ ಹಾಕುತ್ತೇವೆ' ಅಂತ ಚಾಟ್‌ನಲ್ಲಿ ಅಂದರೆ, 'ನಾನು ಒಪ್ಪಿಲ್ಲ, ಮೂಲ ಪಾವತಿಗೇ ಹಾಕಿ' ಅಂತ ಬರೆದು ಇಡಿ.

ಮನೆಗೆ ಬಂದಾಗ ನಗದು ಕೊಟ್ಟಿದ್ದರೆ ಮೂಲ ಖಾತೆ ಅನ್ನುವುದೇ ಇಲ್ಲ. ಅವರು ಬ್ಯಾಂಕ್ ಖಾತೆ ನಂಬರ್, ಐಎಫ್‌ಎಸ್‌ಸಿ ಇಲ್ಲವೇ ಯುಪಿಐ ಐಡಿ ಕೇಳುತ್ತಾರೆ. ಅದನ್ನು ಆ್ಯಪ್‌ನ ಒಳಗೆ ಮಾತ್ರ ತುಂಬಿ. ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಕಳ್ಳರ ನಂಬರ್‌ಗಳೂ ಇರುತ್ತವೆ. ಅವರು ಬಹಳ ಮರ್ಯಾದೆಯಿಂದ ಮಾತಾಡಿ, ಸ್ಕ್ರೀನ್ ತೋರಿಸುವ ಒಂದು ಆ್ಯಪ್ ಹಾಕಿಸಿ, 'ರಿಫಂಡ್ ಬರಬೇಕಾದರೆ ಪಿನ್ ಒತ್ತಿ' ಅಂತಾರೆ. ದುಡ್ಡು ಬರಲು ಯುಪಿಐ ಪಿನ್ ಯಾವತ್ತೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದೇ. ಹೀಗೆ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಚಾಟ್ ಕೈಕೊಟ್ಟ ಮೇಲೆ: ದೂರು ಅಧಿಕಾರಿ ಅಥವಾ 1915

ಚಾಟ್‌ನಲ್ಲಿ ಮೊದಲು ಮಾತಾಡುವುದು ಬಾಟ್, ಅಂದರೆ ಕಂಪ್ಯೂಟರ್. ಆಮೇಲೆ ಬರುವ ಮನುಷ್ಯರಿಗೂ ಒಂದು ಮಿತಿ ಇರುತ್ತದೆ. 'ನಮ್ಮ ಪರಿಶೀಲನೆಯಲ್ಲಿ ಎಲ್ಲ ಸಾಮಾನು ಕಳಿಸಿದ್ದೇವೆ ಅಂತ ಗೊತ್ತಾಗಿದೆ' ಅನ್ನುವ ಉತ್ತರ ಎರಡು ಸಲ ಬಂತಾ, ಮೂರನೆಯ ಸಲ ಅದೇ ಚಾಟ್‌ಗೆ ಹೋಗಿ ಪ್ರಯೋಜನ ಇಲ್ಲ. ಮೆಟ್ಟಿಲು ಹತ್ತಬೇಕು.

2020ರ ಗ್ರಾಹಕರ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿಗಳೆಲ್ಲ ಒಬ್ಬ ದೂರು ಅಧಿಕಾರಿಯನ್ನು ಇಡಬೇಕು, ಅವರ ಹೆಸರು, ಸಂಪರ್ಕ ಎರಡನ್ನೂ ಆ್ಯಪ್‌ನಲ್ಲಿ ಹಾಕಬೇಕು. ಹುಡುಕಿದರೆ ಸಿಗುತ್ತದೆ, ಕೆಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ 'ಗ್ರೀವನ್ಸ್ ಆಫೀಸರ್' ಅಂತ ಇರುತ್ತದೆ. ದೂರು ಬಂತು ಅಂತ ಅವರು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಈಮೇಲ್ ಉದ್ದ ಬರೆಯಬೇಡಿ. ಆರ್ಡರ್ ನಂಬರ್, ಡೆಲಿವರಿ ದಿನಾಂಕ, ಏನು ಬಂತು, ಏನು ಬಂದಿಲ್ಲ, ಬಿಲ್‌ನಲ್ಲಿ ಅದಕ್ಕೆ ಎಷ್ಟು, ಹಿಂದಿನ ದೂರಿನ ಟಿಕೆಟ್ ನಂಬರ್, ಎಷ್ಟು ದುಡ್ಡು ಎಲ್ಲಿಗೆ ವಾಪಸ್ ಬೇಕು. ಅಷ್ಟು ಸಾಕು. ನಿಮಗೆ ಆದ ಬೇಜಾರು, ಎಷ್ಟು ವರ್ಷದ ಗ್ರಾಹಕರು ಅನ್ನುವುದೆಲ್ಲ ಬೇಡ, ಅದನ್ನು ಯಾರೂ ಓದುವುದಿಲ್ಲ. ಕೊರತೆ ಇರುವ ಅಥವಾ ಹೇಳಿದ ಹಾಗಿಲ್ಲದ ಸಾಮಾನಿಗೆ ರಿಫಂಡ್ ನಿರಾಕರಿಸುವಂತಿಲ್ಲ ಅನ್ನುವುದು ಅದೇ ನಿಯಮಗಳಲ್ಲಿ ಮಾರಾಟಗಾರರಿಗೆ ಹಾಕಿದ ಕಟ್ಟಳೆ. ಒಂದು ಸಾಲಿನಲ್ಲಿ ಅದನ್ನು ನೆನಪಿಸಿ.

1915 ಅನ್ನುವುದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ. ಫೋನ್‌ಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. 8800001915ಕ್ಕೆ ವಾಟ್ಸ್ಆ್ಯಪ್ ಕೂಡ ಮಾಡಬಹುದು. ಇದು ಕೋರ್ಟ್ ಅಲ್ಲ, ಯಾರಿಗೂ ದಂಡ ಹಾಕುವ ಅಧಿಕಾರ ಇಲ್ಲ. ನಿಮ್ಮ ದೂರನ್ನು ಕಂಪನಿಯ ಒಳಗೆ ಅದಕ್ಕೇ ಇರುವ ತಂಡಕ್ಕೆ ಕಳಿಸುತ್ತದೆ, ಉತ್ತರ ತರಿಸುತ್ತದೆ. ದೊಡ್ಡ ಇ-ಕಾಮರ್ಸ್ ಕಂಪನಿಗಳು ಅದರ ಜೊತೆ ಸೇರಿಕೊಂಡಿರುವುದರಿಂದ ಅಲ್ಲಿ ಹೋದ ದೂರಿಗೆ ಬೇರೆ ಮರ್ಯಾದೆ ಸಿಗುತ್ತದೆ.

ಎರಡರಲ್ಲಿ ಯಾವುದು? ಕೆಲವರು ಮೊದಲು ಒಂದು, ಅದು ಮುಗಿದ ಮೇಲೆ ಇನ್ನೊಂದು ಅಂತಾರೆ. ನಾನಾದರೆ ದೂರು ಅಧಿಕಾರಿಗೆ ಬರೆದು, 48 ಗಂಟೆಯಲ್ಲಿ ಏನೂ ಬರದಿದ್ದರೆ ತಿಂಗಳು ಕಾಯದೆ 1915ಕ್ಕೆ ಹಾಕುತ್ತೇನೆ. ಒಂದಕ್ಕೊಂದು ಅಡ್ಡಿ ಇಲ್ಲ. ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವವರು, ಕಂಪ್ಯೂಟರ್ ಇಲ್ಲದವರು ಸೀದಾ 1915ಕ್ಕೇ ಹೋದರೂ ನಡೆಯುತ್ತದೆ. ಫೋನ್ ಮಾಡುವಾಗ ಬಿಲ್ ಕೈಯಲ್ಲಿ ಇರಲಿ, ಬಿಲ್ ಮೇಲಿರುವ ಮಾರಾಟಗಾರರ ಹೆಸರೂ ಹೇಳಿ. ನೂರು ಇನ್ನೂರು ರೂಪಾಯಿಯ ವಿಷಯ ಆದರೆ ನನ್ನ ಪ್ರಕಾರ ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಮುಂದಿನ ದಾರಿಗಳಿಗೆ ಸಮಯ ಬೇಕು.

ಬೆಂಗಳೂರಿನಲ್ಲಿರುವ ಮಗ ಹಾವೇರಿಯ ಅಪ್ಪ-ಅಮ್ಮನಿಗೆ ತರಿಸಿಕೊಟ್ಟ ಆರ್ಡರ್ ಆದರೆ ದೂರು ಮಗನ ಖಾತೆಯಿಂದಲೇ ಹೋಗಬೇಕು, ರಿಫಂಡ್ ಬರುವುದೂ ಅಲ್ಲಿಗೇ. ಇಂಥವರು ಪಾರ್ಸೆಲ್ ಬರುವ ದಿನ ಅಪ್ಪನಿಗೆ ಒಂದು ಫೋನ್ ಮಾಡಿ 'ಬಿಚ್ಚಬ್ಯಾಡ್ರಿ, ನಾ ವಿಡಿಯೊ ಕಾಲ್ ಮಾಡ್ತೀನಿ' ಅನ್ನುವುದು ಒಳ್ಳೆಯ ರೂಢಿ. ಆದರೆ ವಿಡಿಯೊ ಕಾಲ್ ತಾನೇ ರೆಕಾರ್ಡ್ ಆಗುವುದಿಲ್ಲ, ನೆನಪಿರಲಿ.

ಬ್ಯಾಂಕಿನ ದಾರಿ: ಕಾರ್ಡ್, ಯುಪಿಐ, ನಗದು

ಇಲ್ಲಿ ಮೂರಕ್ಕೂ ಬಹಳ ವ್ಯತ್ಯಾಸ ಇದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ನಿಮ್ಮ ಕೈ ಮೇಲು. ಬ್ಯಾಂಕಿನ ಆ್ಯಪ್‌ನಲ್ಲಿ ಆ ವ್ಯವಹಾರದ ಮೇಲೆ 'ಡಿಸ್ಪ್ಯೂಟ್' ಹಾಕಿದರೆ ಬ್ಯಾಂಕು ಕಾರ್ಡ್ ಜಾಲದ ಮೂಲಕ ಮಾರಾಟಗಾರರ ಬ್ಯಾಂಕಿಗೆ ಕೇಳುತ್ತದೆ, ಸರಿಯಾದ ಉತ್ತರ ಬರದಿದ್ದರೆ ದುಡ್ಡು ನಿಮಗೆ. ಇದೇ ಚಾರ್ಜ್‌ಬ್ಯಾಕ್. ಡೆಬಿಟ್ ಕಾರ್ಡ್‌ಗೂ ಇದೆ, ಆದರೆ ಅಲ್ಲಿ ದುಡ್ಡು ಆಗಲೇ ನಿಮ್ಮ ಖಾತೆಯಿಂದ ಹೋಗಿರುತ್ತದೆ, ಕಾಯಬೇಕು. ಪೂರ್ತಿ ಬಿಲ್‌ಗೆ ಡಿಸ್ಪ್ಯೂಟ್ ಹಾಕಬೇಡಿ. ಮೂರು ಸಾಮಾನಿನಲ್ಲಿ ಒಂದು ಬಂದಿಲ್ಲ ಅಂದರೆ ಆ ಒಂದರ ಮೊತ್ತಕ್ಕೆ ಮಾತ್ರ. ಪೂರ್ತಿ ಕೇಳಿದರೆ 'ಎರಡು ತಲುಪಿದೆ' ಅನ್ನುವ ಒಂದೇ ಸಾಕ್ಷಿ ತೋರಿಸಿ ಅವರು ಇಡೀ ದೂರನ್ನು ಬೀಳಿಸುತ್ತಾರೆ.

ಸಮಯವೂ ಮುಖ್ಯ. ವೀಸಾದಂಥ ಜಾಲಗಳಲ್ಲಿ ಇಂಥ ದೂರಿಗೆ ಸಾಮಾನ್ಯವಾಗಿ 120 ದಿನ ಇರುತ್ತದೆ, ಆದರೆ ಬ್ಯಾಂಕುಗಳು ಅದಕ್ಕಿಂತ ಬೇಗ ಬನ್ನಿ ಅಂತಾವೆ. ತಿಂಗಳೊಳಗೆ ಹಾಕಿ. ಹಾಗಂತ ಮೊದಲ ದಿನವೇ ಹಾಕಬೇಡಿ, ಮಾರಾಟಗಾರರನ್ನು ಕೇಳಿದ್ದೀರಾ ಅಂತ ಬ್ಯಾಂಕು ಕೇಳುತ್ತದೆ, ಅದಕ್ಕೆ ಚಾಟ್ ಮತ್ತು ಈಮೇಲ್ ಪ್ರತಿ ಬೇಕು. ಮತ್ತೆ, ಆ್ಯಪ್‌ನಲ್ಲಿ ರಿಫಂಡ್ ಒಪ್ಪಿ ಆಗಿದೆ, ಬರುವುದು ಬಾಕಿ ಇದೆ ಅಂದಾಗ ಚಾರ್ಜ್‌ಬ್ಯಾಕ್ ಹಾಕಿದರೆ ಎರಡೂ ಸಿಕ್ಕಿಕೊಂಡು ಎರಡೂ ತಡವಾಗುತ್ತವೆ. ಆ್ಯಪ್‌ನವರು ನಿಮ್ಮ ಖಾತೆಯನ್ನೇ ತಡೆಹಿಡಿಯುವ ಸಾಧ್ಯತೆಯೂ ಇದೆ. ಅಲ್ಲಿ ಬೇರೆ ಆರ್ಡರ್, ವಾಲೆಟ್ ದುಡ್ಡು ಇದ್ದರೆ ಯೋಚಿಸಿ.

ಯುಪಿಐ ಆದರೆ ಅಷ್ಟು ಬಲ ಇಲ್ಲ. ಯುಪಿಐ ಆ್ಯಪ್‌ನಲ್ಲಿ ಅಥವಾ ಯುಪಿಐ ನಡೆಸುವ ಎನ್‌ಪಿಸಿಐ ವೆಬ್‌ಸೈಟ್‌ನಲ್ಲಿ ವ್ಯವಹಾರದ ಮೇಲೆ ದೂರು ಹಾಕಬಹುದು, ಅಂಗಡಿಗೆ ಕೊಟ್ಟ ದುಡ್ಡಿನಲ್ಲಿ 'ಸಾಮಾನು ಸಿಕ್ಕಿಲ್ಲ', 'ವಾಪಸ್ ಕೊಟ್ಟದ್ದರ ದುಡ್ಡು ಬಂದಿಲ್ಲ' ಅನ್ನುವ ಕಾರಣಗಳೂ ಅಲ್ಲಿ ಇವೆ. ಹಾಕಿ. ಆದರೆ ಜನ ಒಂದು ವಿಷಯ ಕಲಸಿಕೊಳ್ಳುತ್ತಾರೆ. ಖಾತೆಯಿಂದ ದುಡ್ಡು ಕಟ್ ಆಯಿತು, ಅಂಗಡಿಯವರಿಗೆ ತಲುಪಲಿಲ್ಲ, ಐದು ದಿನದಲ್ಲಿ ಬರಲಿಲ್ಲ ಅಂದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುವ ಆರ್‌ಬಿಐ ನಿಯಮ 2019ರಿಂದ ಇದೆ, ಅದು ವಿಫಲವಾದ ವ್ಯವಹಾರಕ್ಕೆ. ನಿಮ್ಮ ದುಡ್ಡು ಸರಿಯಾಗಿಯೇ ಹೋಗಿದೆ, ಸಾಮಾನು ಬರಲಿಲ್ಲ ಅಂದರೆ ಅದು ಬೇರೆ ಜಗಳ, ಆ 100 ರೂಪಾಯಿ ಇಲ್ಲಿ ಸಿಗುವುದಿಲ್ಲ.

ಬ್ಯಾಂಕೇ 30 ದಿನ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಬರೆಯಬಹುದು, ಮಾಹಿತಿಗೆ 14448. ಅಲ್ಲಿ ಕೇಳುವುದು ಬ್ಯಾಂಕಿನ ತಪ್ಪನ್ನು ಮಾತ್ರ, ಮಾರಾಟಗಾರರದ್ದಲ್ಲ.

ನಗದು ಕೊಟ್ಟವರಿಗೆ ಬ್ಯಾಂಕಿನ ದಾರಿ ಇಲ್ಲವೇ ಇಲ್ಲ. ನಮ್ಮ ಕಡೆ 'ಕ್ಯಾಶ್ ಆನ್ ಡೆಲಿವರಿ ಆದರೆ ಧೈರ್ಯ' ಅನ್ನುವ ನಂಬಿಕೆ ಗಟ್ಟಿಯಾಗಿದೆ. ಡಬ್ಬಿ ಬಿಚ್ಚದೆ ದುಡ್ಡು ಕೊಡುವುದಾದರೆ ಎಂಥ ಧೈರ್ಯ? ಸಾಮಾನು ಬರುವುದೇ ಇಲ್ಲ ಅನ್ನುವ ಭಯಕ್ಕೆ ನಗದು ಸರಿ, ಕಡಿಮೆ ಬರುತ್ತದೆ ಅನ್ನುವ ಭಯಕ್ಕೆ ಕಾರ್ಡೇ ಸರಿ.

ಗ್ರಾಹಕರ ಆಯೋಗ

ಸಾವಿರಗಳಲ್ಲಿ ಹೋಗಿದೆ, ಎಲ್ಲರೂ ಕೈ ಎತ್ತಿದ್ದಾರೆ ಅಂದರೆ ಮಾತ್ರ ಇದು. 2019ರ ಗ್ರಾಹಕರ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು, ಅದರಿಂದ ನಮ್ಮಂಥ ಊರಿನವರಿಗೆ ಆದ ದೊಡ್ಡ ಅನುಕೂಲ ಎಂದರೆ ದೂರನ್ನು ನಾವು ಇರುವ ಊರಿನಲ್ಲೇ ಹಾಕಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿ ಇರಲಿ ಗುರುಗ್ರಾಮದಲ್ಲಿ ಇರಲಿ, ಹುಬ್ಬಳ್ಳಿಯವರು ಧಾರವಾಡದ ಜಿಲ್ಲಾ ಆಯೋಗದಲ್ಲಿ, ಗದಗ, ಹಾವೇರಿಯವರು ತಮ್ಮ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ, ದೂರು ಅಲ್ಲೇ ತುಂಬಬಹುದು.

ದೂರಿನಲ್ಲಿ ಆ್ಯಪ್‌ನ ಕಂಪನಿ ಮತ್ತು ಬಿಲ್‌ನಲ್ಲಿರುವ ಮಾರಾಟಗಾರರು ಇಬ್ಬರನ್ನೂ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮಾರಾಟಗಾರರ ವಿಳಾಸ ಇಲ್ಲ ಅಂದರೆ ಆ್ಯಪ್‌ನ ಕಂಪನಿಗೆ ಬರೆದು ಕೇಳಿ, ಕೊಡುವುದು ಅವರ ಹೊಣೆ ಅಂತ 2020ರ ನಿಯಮದಲ್ಲೇ ಇದೆ. ಹಾಕುವ ಮೊದಲು ಇಬ್ಬರಿಗೂ ಒಂದು ನೋಟಿಸ್ ಕಳಿಸಿ, 15 ದಿನ ಕೊಡಿ. ಎಷ್ಟೋ ಸಲ ವಿಷಯ ಆ ನೋಟಿಸ್‌ಗೇ ಮುಗಿಯುತ್ತದೆ.

ಆದರೆ ಬೇಗ ಮುಗಿಯುತ್ತದೆ ಅಂದುಕೊಳ್ಳಬೇಡಿ. ಕಾಯ್ದೆಯಲ್ಲಿ ಮೂರು ತಿಂಗಳು, ಸಾಮಾನಿನ ಪರೀಕ್ಷೆ ಬೇಕಾದರೆ ಐದು ತಿಂಗಳು ಅಂತ ಗುರಿ ಇದೆ, ನಡೆಯುವುದು ಅದಕ್ಕಿಂತ ಉದ್ದ. ವಕೀಲರನ್ನು ಇಟ್ಟರೆ ಅವರ ಫೀಸು ಮಿಕ್ಸರ್‌ಗಿಂತ ಜಾಸ್ತಿ ಆಗುತ್ತದೆ. ಪರಿಹಾರ, ಖರ್ಚು ಎರಡೂ ಕೊಡಿಸುವ ಅಧಿಕಾರ ಆಯೋಗಕ್ಕೆ ಇದೆ, ಆದರೆ ಅದನ್ನು ನಂಬಿ ಹೊರಡಬಾರದು. ಲ್ಯಾಪ್‌ಟಾಪ್ ಡಬ್ಬಿಯಲ್ಲಿ ಚಾರ್ಜರ್ ಮಾತ್ರ ಬಂತು ಅಂಥದ್ದಕ್ಕೆ ಹೋಗಿ, ಮೊಬೈಲ್ ಕವರ್‌ಗೆ ಬೇಡ.

ಆ್ಯಪ್ ಇಲ್ಲದ ಮಾರಾಟಗಾರರು

ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ನೋಡಿ ಸೀರೆ ತರಿಸುವವರು ಈಗ ಜಾಸ್ತಿ. ಎರಡು ಇಳಕಲ್ ಸೀರೆಗೆ ಯುಪಿಐ ಮಾಡಿದಿರಿ, ಒಂದೇ ಬಂತು. ಇಲ್ಲಿ ರಿಟರ್ನ್ ಬಟನ್ ಇಲ್ಲ, ದೂರು ಅಧಿಕಾರಿ ಇಲ್ಲ. ಇಲ್ಲಿ ಮೊದಲ ದಾರಿ ಮಾತೇ. ಬೆಟಗೇರಿಯ ನೇಕಾರರೋ ಬ್ಯಾಡಗಿಯಿಂದ ಮೆಣಸಿನಕಾಯಿ ಕಳಿಸುವವರೋ ಆಗಿದ್ದರೆ ಅವರಿಗೂ ಹೆಸರಿನ ಚಿಂತೆ ಇರುತ್ತದೆ. 'ಅಕ್ಕಾರ, ಒಂದ ಸೀರಿ ಬಂದೈತ್ರಿ, ವಿಡಿಯೊ ಕಳಸೇನಿ ನೋಡ್ರಿ' ಅಂದರೆ ಬಹಳ ಜನ ಮುಂದಿನ ಪೋಸ್ಟ್‌ನಲ್ಲೇ ಕಳಿಸಿಬಿಡುತ್ತಾರೆ. ಇಂಥವರ ಹತ್ತಿರ ರಿಫಂಡ್‌ಗಿಂತ ಬದಲಿ ಕೇಳುವುದು ಸುಲಭ, ಅವರ ಕೈಯಲ್ಲಿ ಸಾಮಾನು ಇರುತ್ತದೆ, ದುಡ್ಡು ನೂಲಿಗೆ ಹೋಗಿರುತ್ತದೆ.

ಉತ್ತರವೇ ಇಲ್ಲ, ಬ್ಲಾಕ್ ಮಾಡಿದ್ದಾರೆ ಅಂದರೆ ಅದು ಕಡಿಮೆ ಬಂದ ಪಾರ್ಸೆಲ್‌ನ ಜಗಳ ಅಲ್ಲ, ವಂಚನೆ. ಆಗ 1930. ಅದಕ್ಕೆ ಮೊದಲು ಚಾಟ್, ದುಡ್ಡು ಕಳಿಸಿದ ರಸೀದಿ, ಅವರ ಪುಟದ ಹೆಸರು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ರಿಫಂಡ್ ಆಗಿದೆ ಅಂತಾರೆ, ಖಾತೆಗೆ ಬಂದಿಲ್ಲ

ಆ್ಯಪ್‌ನಲ್ಲಿ ಹಸಿರು ಅಕ್ಷರದಲ್ಲಿ 'ರಿಫಂಡ್ ಪೂರ್ಣ' ಅಂತ ಇರುತ್ತದೆ, ಪಾಸ್‌ಬುಕ್ ಖಾಲಿ. ಆಗ ಮತ್ತೆ ಹೊಸ ದೂರು ಬೇಡ, ಒಂದು ನಂಬರ್ ಕೇಳಿ. ಕಾರ್ಡ್ ಆದರೆ 23 ಅಂಕಿಯ ಎಆರ್‌ಎನ್, ಯುಪಿಐ ಆದರೆ 12 ಅಂಕಿಯ ಆರ್‌ಆರ್‌ಎನ್. 'ಕಳಿಸಿದ್ದೇವೆ' ಅನ್ನುವವರ ಹತ್ತಿರ ಆ ನಂಬರ್ ಇರಲೇಬೇಕು. ಅದು ಸಿಕ್ಕರೆ ಬ್ಯಾಂಕಿನವರು ಎಲ್ಲಿ ನಿಂತಿದೆ ಅಂತ ಹುಡುಕಿ ಹೇಳಬಹುದು, ಇಲ್ಲದಿದ್ದರೆ ಕೌಂಟರ್‌ನಲ್ಲಿ 'ಇನ್ನೂ ಬಂದಿಲ್ರೀ' ಅನ್ನುವುದರ ಆಚೆ ಅವರೂ ಏನೂ ಮಾಡಲಾರರು. ಕ್ರೆಡಿಟ್ ಕಾರ್ಡ್‌ನವರು ಖಾತೆಯಲ್ಲಿ ಅಲ್ಲ, ಕಾರ್ಡ್‌ನ ಸ್ಟೇಟ್‌ಮೆಂಟ್‌ನಲ್ಲಿ ನೋಡಬೇಕು. ಇಎಂಐನಲ್ಲಿ ಕೊಂಡಿದ್ದರೆ ರಿಫಂಡ್ ಬಂದ ಮೇಲೂ ಕಂತು ಕಟ್ ಆಗುತ್ತಲೇ ಇರಬಹುದು, ಬ್ಯಾಂಕಿಗೆ ಫೋನ್ ಮಾಡಿ ಕಂತನ್ನು ಬೇರೆಯಾಗಿ ನಿಲ್ಲಿಸಲು ಇಲ್ಲವೇ ಕಡಿಮೆ ಮಾಡಲು ಹೇಳಬೇಕಾಗುತ್ತದೆ.